ನಾಲ್ಕು ವರ್ಷಕ್ಕೊಮ್ಮೆ ಟಿವಿ ಮುಂದೆ ಕೂರುವವರಿಗೆ ಒಂದು ಒಲಿಂಪಿಕ್ಸ್ ಕೈಪಿಡಿ

2021ರ ಆಗಸ್ಟ್ 7, ಶನಿವಾರ. ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ ನೆಂಟರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದೇ ಮಾತು: "ಗಾಲ್ಫ್ ಹಾಕಿ, ಗಾಲ್ಫ್ ಹಾಕಿ!" ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಗಾಲ್ಫ್ ನೋಡಿದವರಲ್ಲ. ಟೋಕಿಯೊದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆ ಅಂತ ಗೊತ್ತಾಗಿ, ಕಾಫಿ ಲೋಟ ಹಿಡಿದು ಎಲ್ಲರೂ ಟಿವಿ ಮುಂದೆ ಕೂತೆವು. ಅವರ ಹೆಸರಿನ ಪಕ್ಕ ಮೈನಸ್ ಗುರುತು ಹಾಕಿದ ಅಂಕ ಕಾಣುತ್ತಿತ್ತು.

"ಮೈನಸ್ ಅಂದ್ರೆ ಹಿಂದೆ ಇದ್ದಾಳೆ ಅಂತಲ್ವಾ?" ಅಂತ ಅಮ್ಮ ಕೇಳಿದರು. ನನಗೂ ಹಾಗೇ ಅನ್ನಿಸಿತ್ತು. ಅದು ಹಿಂದೆ ಅಲ್ಲ, ಮುಂದೆ ಅಂತ ನಮಗೆ ತಿಳಿಯುವಷ್ಟರಲ್ಲಿ ಆಟ ಕೊನೆಗೆ ಬಂದಿತ್ತು. ಕೊನೆಯ ಕುಳಿಯಲ್ಲಿ ಚೆಂಡು ಸ್ವಲ್ಪದರಲ್ಲಿ ತಪ್ಪಿತು. ಒಂದೇ ಒಂದು ಹೊಡೆತದಿಂದ ಕಂಚು ಕೈತಪ್ಪಿ, ನಾಲ್ಕನೇ ಸ್ಥಾನ. ಎಲ್ಲರೂ "ಛೇ" ಅಂದೆವು. ಯಾವುದಕ್ಕೆ ಛೇ ಅಂದೆವು ಅಂತ ಪೂರ್ತಿ ಗೊತ್ತಿರಲಿಲ್ಲ ಅಷ್ಟೇ.

ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಆಟ ನೋಡುವುದು ತಪ್ಪೇನಲ್ಲ. ಊರ ಜಾತ್ರೆಗೆ ವರ್ಷಕ್ಕೊಮ್ಮೆ ಹೋಗುವವರನ್ನು ಯಾರಾದರೂ ಬೈಯುತ್ತಾರಾ? ಆದರೆ ಜಾತ್ರೆಗೆ ಹೋಗಿ, ತೇರು ಎಳೆಯುವ ಹೊತ್ತಿಗೆ ಬೆನ್ನು ತಿರುಗಿಸಿ ನಿಂತರೆ ಏನು ಬಂತು? ಮುಂದಿನ ಒಲಿಂಪಿಕ್ಸ್ 2028ರ ಜುಲೈ 14ರಿಂದ 30ರವರೆಗೆ ಲಾಸ್ ಏಂಜಲೀಸ್‌ನಲ್ಲಿದೆ. ಅಷ್ಟರೊಳಗೆ ನೀವು ಕ್ರೀಡಾ ಪಂಡಿತರಾಗಬೇಕಿಲ್ಲ. ಒಂದು ಭಾನುವಾರದ ಮಧ್ಯಾಹ್ನ, ಒಂದು ನೋಟ್‌ಬುಕ್ ಸಾಕು.

1. ಮೊದಲು ಗಡಿಯಾರ ಸರಿ ಮಾಡಿಕೊಳ್ಳಿ

ಜುಲೈನಲ್ಲಿ ಲಾಸ್ ಏಂಜಲೀಸ್ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತದೆ. ಲೆಕ್ಕ ಸುಲಭ. ಹಗಲನ್ನು ರಾತ್ರಿ ಮಾಡಿ, ರಾತ್ರಿಯನ್ನು ಹಗಲು ಮಾಡಿ, ಅರ್ಧ ಗಂಟೆ ಸೇರಿಸಿ. ಅಲ್ಲಿ ಬೆಳಗ್ಗೆ 9 ಅಂದರೆ ಇಲ್ಲಿ ಅದೇ ದಿನ ರಾತ್ರಿ 9.30. ಅಲ್ಲಿ ಸಂಜೆ 7 ಅಂದರೆ ಇಲ್ಲಿ ಮರುದಿನ ಬೆಳಗ್ಗೆ 7.30.

ಈ "ಮರುದಿನ" ಅನ್ನುವುದೇ ಎಲ್ಲರೂ ಎಡವುವ ಜಾಗ. ವೇಳಾಪಟ್ಟಿಯಲ್ಲಿ ಜುಲೈ 20ರ ಸಂಜೆ ಅಂತ ಇದ್ದರೆ, ನೀವು ಅಲಾರಂ ಇಡಬೇಕಾದದ್ದು 21ರ ಬೆಳಗ್ಗೆಗೆ. ಗೋಡೆಯ ಕ್ಯಾಲೆಂಡರಿನಲ್ಲಿ ನಮ್ಮ ತಾರೀಕು, ನಮ್ಮ ಸಮಯವನ್ನೇ ಬರೆಯಿರಿ. ಎರಡೂ ಬರೆದರೆ ಗೊಂದಲ.

ಒಂದು ರೀತಿಯಲ್ಲಿ ಇದು ನಮಗೆ ಅನುಕೂಲವೇ. ರಾತ್ರಿ ಊಟ ಮುಗಿಸಿ ಒಂದು ಗಂಟೆ, ಬೆಳಗ್ಗೆ ತಿಂಡಿಯ ಹೊತ್ತಿಗೆ ಒಂದು ಗಂಟೆ. ನಡುವೆ ನಿದ್ದೆ ಮಾಡಬಹುದು. 2024ರ ಪ್ಯಾರಿಸ್‌ ಒಲಿಂಪಿಕ್ಸ್‌ನಲ್ಲಿ ಹೀಗಿರಲಿಲ್ಲ. ನೀರಜ್ ಚೋಪ್ರಾ ಅವರ ಈಟಿ ಎಸೆತದ ಫೈನಲ್ ಶುರುವಾಗಿದ್ದು ನಮ್ಮ ಸಮಯ ರಾತ್ರಿ 11.55ಕ್ಕೆ. ಮರುದಿನ ಆಫೀಸಿನಲ್ಲಿ ಅರ್ಧ ಜನ ಆಕಳಿಸುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿರುವ ನಿಮ್ಮ ನೆಂಟರಿಗೆ ಈ ಲೆಕ್ಕವೂ ಬೇಡ, ಅವರ ಗಡಿಯಾರ ಲಾಸ್ ಏಂಜಲೀಸ್‌ನದ್ದೇ.

ಇನ್ನೊಂದು ವಿಷಯ. ಸಾಮಾನ್ಯವಾಗಿ ಮೊದಲ ವಾರ ಈಜು, ಎರಡನೇ ವಾರ ಓಟ, ಎಸೆತ ಇರುತ್ತದೆ. 2028ರಲ್ಲಿ ಇದು ತಿರುಗುಮುರುಗು. ಈಟಿ ಎಸೆತ ಕೊನೆಯಲ್ಲಿ ಇರುತ್ತೆ ಅಂತ ಹಳೇ ಅಭ್ಯಾಸದಲ್ಲಿ ಸುಮ್ನೆ ಕೂತರೆ ಕೆಟ್ಟಿರಿ.

2. ಮೂರೇ ಮೂರು ಆಟ ಆರಿಸಿ

ಪ್ಯಾರಿಸ್‌ನಲ್ಲಿ 32 ಕ್ರೀಡೆಗಳು, 329 ಪದಕ ಸ್ಪರ್ಧೆಗಳು ಇದ್ದವು. ಎಲ್ಲವನ್ನೂ ನೋಡಲು ಹೋದರೆ ಯಾವುದನ್ನೂ ನೋಡಿದ ಹಾಗಾಗುವುದಿಲ್ಲ. ಚಾನೆಲ್ ಬದಲಾಯಿಸುತ್ತಲೇ ಎರಡು ವಾರ ಕಳೆದುಹೋಗುತ್ತದೆ. ನಾನು ಆರಿಸುವ ರೀತಿ ಹೀಗೆ.

ಒಂದು, ಭಾರತಕ್ಕೆ ಪದಕದ ಆಸೆ ಇರುವ ಆಟ. ಶೂಟಿಂಗ್, ಕುಸ್ತಿ, ಹಾಕಿ, ಈಟಿ ಎಸೆತ, ಬ್ಯಾಡ್ಮಿಂಟನ್ – ಇವುಗಳಲ್ಲಿ ಯಾವುದಾದರೂ.

ಎರಡು, ನಮ್ಮೂರ ಕಡೆಯವರು ಯಾರಾದರೂ ಇರುವ ಆಟ, ಪದಕದ ಮಾತು ಇಲ್ಲದಿದ್ದರೂ. ಪ್ಯಾರಿಸ್‌ಗೆ ಹೋದ ಭಾರತ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವರು ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು. ವಯಸ್ಸು 14. ಅದೇ ಪ್ಯಾರಿಸ್‌ನಲ್ಲಿ ಮಹಿಳೆಯರ ಟೇಬಲ್ ಟೆನಿಸ್ ತಂಡ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ಜರ್ಮನಿ ಎದುರು ಭಾರತ ಗೆದ್ದ ಒಂದೇ ಒಂದು ಪಂದ್ಯ ಬೆಂಗಳೂರಿನ ಅರ್ಚನಾ ಕಾಮತ್ ಅವರದ್ದು. ಎಷ್ಟು ಜನ ನೋಡಿದೆವು?

ಮೂರು, ಯಾರು ಗೆದ್ದರೂ ನಿಮಗೆ ಸಂಬಂಧವಿಲ್ಲದ ಆಟ. ಇದನ್ನು ಬಿಡಬೇಡಿ. ಎದೆ ಬಡಿತ ಇಲ್ಲದೆ ಆಟದ ಅಂದ ನೋಡಲು ಸಿಗುವುದು ಇಲ್ಲೇ. ನನಗೆ 100 ಮೀಟರ್ ಓಟ. ಪ್ಯಾರಿಸ್‌ನ ಪುರುಷರ ಫೈನಲ್‌ನಲ್ಲಿ ಅಮೆರಿಕದ ನೋಹ್ ಲೈಲ್ಸ್ ಮತ್ತು ಜಮೈಕಾದ ಕಿಶೇನ್ ಥಾಂಪ್ಸನ್ ನಡುವಿನ ಅಂತರ ಸೆಕೆಂಡಿನ ಸಾವಿರದಲ್ಲಿ 5 ಭಾಗ. 9.784, 9.789. ಫೋಟೊ ನೋಡಿದರೆ ಥಾಂಪ್ಸನ್ ಕಾಲು ಮೊದಲು ಗೆರೆ ದಾಟಿದ ಹಾಗೆ ಕಾಣುತ್ತದೆ. ಆದರೆ ಲೆಕ್ಕಕ್ಕೆ ಬರುವುದು ಕಾಲಲ್ಲ, ತಲೆಯಲ್ಲ, ಮುಂಡ. ಇಷ್ಟು ಗೊತ್ತಿದ್ದರೆ ಓಟಗಾರರು ಕೊನೆಯಲ್ಲಿ ಎದೆ ಮುಂದೆ ಮಾಡಿ ಬಾಗುವುದು ಯಾಕೆ ಅಂತ ತಾನೇ ಅರ್ಥವಾಗುತ್ತದೆ.

ಕ್ರಿಕೆಟ್ ವಿಷಯ ಏನು ಅಂತೀರಾ? 1900ರಲ್ಲಿ ಪ್ಯಾರಿಸ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ನಡೆದ ಒಂದೇ ಪಂದ್ಯದ ನಂತರ ಕ್ರಿಕೆಟ್ ಒಲಿಂಪಿಕ್ಸ್‌ಗೆ ಮರಳುತ್ತಿರುವುದು 2028ರಲ್ಲೇ. ಟಿ20, ಪುರುಷರದ್ದು ಆರು ತಂಡ, ಮಹಿಳೆಯರದ್ದು ಆರು ತಂಡ. ನೋಡಿ, ಬೇಡ ಅನ್ನಲ್ಲ. ಆದರೆ ನಿಮ್ಮ ಮೂರರ ಪಟ್ಟಿಯಲ್ಲಿ ಅದನ್ನು ಸೇರಿಸಬೇಡಿ. ಕ್ರಿಕೆಟ್ ಹೇಗೂ ಕರೆಯದೇ ಮನೆಗೆ ಬರುವ ನೆಂಟ.

3. ಪ್ರತಿ ಆಟಕ್ಕೂ ಮೂರು ಪ್ರಶ್ನೆ ಕೇಳಿ

ಇಡೀ ಲೇಖನದಲ್ಲಿ ಇದೊಂದನ್ನೇ ಓದಿದರೂ ಸಾಕು. ಯಾವ ಆಟವಾದರೂ ಸರಿ, ಶುರುವಾಗುವ ಮೊದಲು ಈ ಮೂರಕ್ಕೆ ಉತ್ತರ ಬರೆದುಕೊಳ್ಳಿ. ಅಂಕ ಜಾಸ್ತಿ ಇದ್ದರೆ ಒಳ್ಳೆಯದೋ, ಕಡಿಮೆ ಇದ್ದರೆ ಒಳ್ಳೆಯದೋ? ಹಿಂದಿನ ಸುತ್ತಿನ ಅಂಕ ಉಳಿಯುತ್ತದಾ, ಅಳಿಸಿ ಹೋಗುತ್ತದಾ? ಸೋತರೆ ಮನೆಗೋ, ಇನ್ನೊಂದು ಅವಕಾಶ ಇದೆಯೋ?

ಮೊದಲ ಪ್ರಶ್ನೆಗೆ ಗಾಲ್ಫ್‌ಗಿಂತ ಒಳ್ಳೆಯ ಪಾಠ ಇಲ್ಲ. ನಾಲ್ಕು ದಿನ, ದಿನಕ್ಕೆ 18 ಕುಳಿ. ಪ್ರತಿ ಕುಳಿಗೂ ಇಷ್ಟು ಹೊಡೆತ ಅಂತ ಒಂದು ಅಂದಾಜು ಇರುತ್ತದೆ, ಅದಕ್ಕೆ ಪಾರ್ ಅನ್ನುತ್ತಾರೆ. ಅದಕ್ಕಿಂತ ಒಂದು ಹೊಡೆತ ಕಡಿಮೆಯಲ್ಲಿ ಚೆಂಡು ಕುಳಿಗೆ ಬಿದ್ದರೆ ಬರ್ಡಿ. ಟೋಕಿಯೊದಲ್ಲಿ ನಾಲ್ಕು ದಿನದ ಪಾರ್ ಒಟ್ಟು 284. ಅದಿತಿ ಮುಗಿಸಿದ್ದು 269ಕ್ಕೆ. ಅಂದರೆ ಮೈನಸ್ 15. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಮೈನಸ್ 17. ನಡುವೆ ಮೈನಸ್ 16ರಲ್ಲಿ ಇಬ್ಬರು. ಆಗ ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದ ಹುಡುಗಿ, ಅಮ್ಮನ ಕೈಯಲ್ಲಿ ಗಾಲ್ಫ್ ಚೀಲ ಕೊಟ್ಟು, ಇವರ ಜೊತೆ ಕೊನೆಯ ಕುಳಿಯವರೆಗೆ ಪೈಪೋಟಿ ಕೊಟ್ಟಿದ್ದರು. ಇದು ಆ ಬೆಳಗ್ಗೆಯೇ ನಮಗೆ ಗೊತ್ತಿರಬೇಕಿತ್ತು.

ಎರಡನೇ ಪ್ರಶ್ನೆ ಶೂಟಿಂಗ್‌ನಲ್ಲಿ ಬಹಳ ಮುಖ್ಯ. ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ತೆಗೆದುಕೊಳ್ಳಿ. ಅರ್ಹತಾ ಸುತ್ತಿನಲ್ಲಿ 60 ಗುಂಡು. ಮೊದಲ ಎಂಟು ಜನ ಫೈನಲ್‌ಗೆ. ಅಲ್ಲಿ ಎಲ್ಲರ ಅಂಕವೂ ಸೊನ್ನೆಯಿಂದ ಮತ್ತೆ ಶುರು. ಮೊದಲನೆಯವರಾಗಿ ಬಂದರೂ ಒಂದೇ, ಎಂಟನೆಯವರಾಗಿ ಬಂದರೂ ಒಂದೇ. ಫೈನಲ್‌ನಲ್ಲಿ ಒಂದು ಗುಂಡಿಗೆ ಹೆಚ್ಚೆಂದರೆ 10.9. ಪ್ಯಾರಿಸ್‌ನಲ್ಲಿ ಹತ್ತು ಗುಂಡು ಆದ ಮೇಲೆ ಪ್ರತಿ ಎರಡು ಗುಂಡಿಗೆ ಕೊನೆಯ ಸ್ಥಾನದವರು ಒಬ್ಬೊಬ್ಬರೇ ಹೊರಗೆ ಹೋಗುತ್ತಿದ್ದರು. ಸಂಗೀತ ಕುರ್ಚಿ ಆಟ ಇದ್ದ ಹಾಗೆ. ಮನು ಭಾಕರ್ 22 ಗುಂಡು ಮುಗಿಸಿದಾಗ 221.7ರಲ್ಲಿದ್ದರು. ಎರಡನೇ ಸ್ಥಾನದಲ್ಲಿದ್ದ ಕೊರಿಯಾದ ಆಟಗಾರ್ತಿಗಿಂತ ಬರೀ 0.1 ಕಡಿಮೆ. ಅಲ್ಲಿಗೆ ಕಂಚು. ಇದನ್ನು ನೋಡುವಾಗ ಗುಂಡು ಎಲ್ಲಿ ಬಿತ್ತು ಅನ್ನುವುದಕ್ಕಿಂತ, ಕೊನೆಯಿಂದ ಒಂದನೇ ಮತ್ತು ಎರಡನೇ ಸ್ಥಾನದಲ್ಲಿ ಯಾರಿದ್ದಾರೆ ಅಂತ ಕಣ್ಣಿಡಿ. ನಾಟಕ ನಡೆಯುವುದು ಅಲ್ಲೇ.

ಈಟಿ ಎಸೆತದಲ್ಲೂ ಅರ್ಹತಾ ಸುತ್ತಿನ ದೂರ ಫೈನಲ್‌ಗೆ ಬರುವುದಿಲ್ಲ. ಪ್ಯಾರಿಸ್‌ನ ಫೈನಲ್‌ನಲ್ಲಿ 12 ಜನರಿಗೆ ಮೂರು ಮೂರು ಎಸೆತ ಇತ್ತು. ಮೊದಲ ಎಂಟು ಜನಕ್ಕೆ ಇನ್ನೂ ಮೂರು ಸಿಕ್ಕಿತು. ಎಲ್ಲ ಎಸೆತವನ್ನೂ ಕೂಡಿಸುವುದಿಲ್ಲ, ಒಂದೇ ಒಂದು ಒಳ್ಳೆಯ ಎಸೆತ ಸಾಕು. ಪ್ಯಾರಿಸ್‌ನಲ್ಲಿ ನೀರಜ್ ಅವರ ಆರರಲ್ಲಿ ಐದು ಫೌಲ್. ಲೆಕ್ಕಕ್ಕೆ ಬಂದದ್ದು ಎರಡನೇ ಎಸೆತ ಮಾತ್ರ, 89.45 ಮೀಟರ್. ಅದೇ ಬೆಳ್ಳಿ ತಂದಿತು. ಪಾಕಿಸ್ತಾನದ ಅರ್ಷದ್ ನದೀಮ್ 92.97 ಎಸೆದು ಒಲಿಂಪಿಕ್ ದಾಖಲೆಯ ಜೊತೆ ಚಿನ್ನ ಗೆದ್ದರು.

ಇಲ್ಲಿ ಒಂದು ಗುಟ್ಟು. ಈಟಿ ಕೈಬಿಟ್ಟ ಕೂಡಲೇ ಎಲ್ಲರೂ ಆಕಾಶ ನೋಡುತ್ತಾರೆ. ನೀವು ಕಾಲು ನೋಡಿ. ನೀರಜ್ ಎಸೆದ ರಭಸಕ್ಕೆ ಮುಂದಕ್ಕೆ ಮುಗ್ಗರಿಸಿ ಕೈ ಊರುತ್ತಾರೆ. ಮುಂದಿನ ಗೆರೆ ಮುಟ್ಟಿದರೆ ಆ ಎಸೆತ ಹೋಯಿತು. ಬಿಳಿ ಬಾವುಟ ಎತ್ತಿದರೆ ಸರಿ, ಕೆಂಪು ಎತ್ತಿದರೆ ಫೌಲ್. ಈಟಿ ಎಷ್ಟು ದೂರ ಹೋದರೂ ಅಷ್ಟೇ.

ಮೂರನೇ ಪ್ರಶ್ನೆ – ಸೋತರೆ ಏನು? ಇದು ಆಟದಿಂದ ಆಟಕ್ಕೆ ಬೇರೆ. ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು, ಮತ್ತೆ ಹೊಡೆದಾಡಬೇಕಿಲ್ಲ. ಟೋಕಿಯೊದಲ್ಲಿ ಲವ್ಲಿನಾ ಬೊರ್ಗೊಹೈನ್ ಅವರಿಗೆ ಕಂಚು ಬಂದದ್ದು ಹಾಗೆ. ಬ್ಯಾಡ್ಮಿಂಟನ್, ಟೆನಿಸ್, ಹಾಕಿಯಲ್ಲಿ ಹಾಗಲ್ಲ. ಸೋತ ಇಬ್ಬರು ಕಂಚಿಗೆ ಇನ್ನೊಂದು ಪಂದ್ಯ ಆಡಬೇಕು. ರಿಯೊದಲ್ಲಿ 2016ರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಮತ್ತು ಸಾನಿಯಾ ಮಿರ್ಜಾ ಜೋಡಿ ಎರಡು ಪಂದ್ಯವನ್ನೂ ಸೋತು ನಾಲ್ಕನೇ ಸ್ಥಾನಕ್ಕೆ ನಿಂತಿತು. ಬಾಕ್ಸಿಂಗ್ ಆಗಿದ್ದರೆ ಪದಕ ಕೈಯಲ್ಲಿರುತ್ತಿತ್ತು!

ಕುಸ್ತಿ ಇನ್ನೂ ಮಜಾ. ನಿಮ್ಮನ್ನು ಸೋಲಿಸಿದವರು ಫೈನಲ್ ತಲುಪಿದರೆ ನಿಮಗೆ ಮತ್ತೆ ಬಾಗಿಲು ತೆರೆಯುತ್ತದೆ. ಅದಕ್ಕೆ ರೆಪೆಶಾಜ್ ಅನ್ನುತ್ತಾರೆ. ಅದೇ ರಿಯೊದಲ್ಲಿ ಸಾಕ್ಷಿ ಮಲಿಕ್ ಕ್ವಾರ್ಟರ್ ಫೈನಲ್‌ನಲ್ಲಿ ರಷ್ಯಾದ ಕುಸ್ತಿಪಟುವಿಗೆ ಸೋತರು. ಆಕೆ ಫೈನಲ್‌ಗೆ ಹೋದರು, ಸಾಕ್ಷಿಗೆ ಅವಕಾಶ ಸಿಕ್ಕಿತು. ಕಂಚಿನ ಪಂದ್ಯದಲ್ಲಿ 0–5 ಹಿಂದೆ ಇದ್ದವರು 8–5ರಿಂದ ಗೆದ್ದರು. ಕ್ವಾರ್ಟರ್‌ನಲ್ಲೇ ಸೋತರು ಅಂತ ಟಿವಿ ಆರಿಸಿ ಮಲಗಿದವರಿಗೆ ಇದು ಸಿಗಲಿಲ್ಲ. ಆದ್ದರಿಂದ ಕುಸ್ತಿಯಲ್ಲಿ ನಮ್ಮವರು ಸೋತರೆ, ಅವರನ್ನು ಸೋಲಿಸಿದವರಿಗೇ ಚಪ್ಪಾಳೆ ಹೊಡೆಯಲು ಶುರು ಮಾಡಿ.

ಕುಸ್ತಿಯಲ್ಲಿ ತೂಕದ ನಿಯಮವನ್ನೂ ತಿಳಿದಿಟ್ಟುಕೊಳ್ಳಿ. ಒಂದು ತೂಕದ ಸ್ಪರ್ಧೆ ಎರಡು ದಿನ ನಡೆಯುತ್ತದೆ, ಎರಡೂ ದಿನ ಬೆಳಗ್ಗೆ ತೂಕ ನೋಡುತ್ತಾರೆ. ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಮೊದಲ ದಿನ ಮೂರು ಪಂದ್ಯ ಗೆದ್ದು ಫೈನಲ್ ತಲುಪಿದ್ದರು. ಎರಡನೇ ದಿನ ಬೆಳಗ್ಗೆ 50 ಕೆಜಿಗಿಂತ 100 ಗ್ರಾಂ ಜಾಸ್ತಿ. ಬೆಳ್ಳಿಯೂ ಇಲ್ಲ, ಪಟ್ಟಿಯಲ್ಲಿ ಕೊನೆಯ ಸ್ಥಾನ. ಆ ದಿನ ನನಗೆ ಬಂದ ಫೋನುಗಳಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ನಿನ್ನೆ ಸರಿ ಇತ್ತಲ್ಲ, ಇವತ್ತು ಯಾಕೆ?" ನಿಯಮ ಮೊದಲೇ ಗೊತ್ತಿದ್ದರೆ ನೋವು ಕಡಿಮೆ ಆಗುತ್ತಿರಲಿಲ್ಲ. ಆದರೆ ಏನಾಯಿತು ಅಂತಾದರೂ ತಿಳಿಯುತ್ತಿತ್ತು.

ಹಾಕಿ ಬಗ್ಗೆ ಚಿಕ್ಕದಾಗಿ. ಕೊಡಗಿನವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. 15 ನಿಮಿಷದ ನಾಲ್ಕು ಭಾಗ. ಹಸಿರು ಕಾರ್ಡ್ ಸಿಕ್ಕಿದರೆ 2 ನಿಮಿಷ ಹೊರಗೆ, ಹಳದಿಗೆ ಕನಿಷ್ಠ 5, ಕೆಂಪಿಗೆ ಆ ಪಂದ್ಯ ಪೂರ್ತಿ. ಪ್ಯಾರಿಸ್ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್ ಅವರಿಗೆ 17ನೇ ನಿಮಿಷದಲ್ಲಿ ಕೆಂಪು ಬಿತ್ತು. ಉಳಿದಷ್ಟೂ ಹೊತ್ತು ಹತ್ತೇ ಜನ ಆಡಿ ಬ್ರಿಟನ್ ಜೊತೆ 1–1 ಸಮ ಮಾಡಿ, ಶೂಟೌಟ್‌ನಲ್ಲಿ 4–2ರಿಂದ ಗೆದ್ದರು. ಗೋಲಿನಲ್ಲಿ ನಿಂತಿದ್ದ ಶ್ರೀಜೇಶ್ ಅವರನ್ನು ನೋಡಬೇಕಿತ್ತು. ಹಾಕಿಯ ಶೂಟೌಟ್ ಫುಟ್‌ಬಾಲ್‌ನ ಹಾಗಲ್ಲ, ಚೆಂಡು ಹಿಡಿದು ಓಡಿ ಬಂದು 8 ಸೆಕೆಂಡಿನಲ್ಲಿ ಗೋಲು ಹೊಡೆಯಬೇಕು.

4. ಪದಕದ ದಿನಕ್ಕೆ ಕಾಯಬೇಡಿ

ಆರಿಸಿಕೊಂಡ ಆಟದ ಮೊದಲ ಸುತ್ತನ್ನು ಹತ್ತು ನಿಮಿಷವಾದರೂ ನೋಡಿ. ಅಲ್ಲಿ ಒತ್ತಡ ಕಡಿಮೆ, ಪ್ರಶ್ನೆ ಕೇಳಲು ಸಮಯ ಜಾಸ್ತಿ. ಮಕ್ಕಳಿಗೆ ನಿಯಮ ಹೇಳಿಕೊಡುವುದಕ್ಕೂ ಅದೇ ಸರಿಯಾದ ಹೊತ್ತು. ಫೈನಲ್ ನಡೆಯುವಾಗ "ಅಪ್ಪಾ, ಫೌಲ್ ಅಂದ್ರೆ ಏನು?" ಅಂತ ಕೇಳಿದರೆ ಅಪ್ಪ ಬೈಯುತ್ತಾರೆ.

5. ಟಿವಿ, ಆ್ಯಪ್, ಪಕ್ಕದ ಮನೆ

ಯಾವ ಚಾನೆಲ್, ಯಾವ ಆ್ಯಪ್ ಅಂತ ಒಂದು ವಾರ ಮೊದಲೇ ನೋಡಿ, ಪಾಸ್‌ವರ್ಡ್ ಹಾಕಿ ತೆರೆದು ಪರೀಕ್ಷೆ ಮಾಡಿಡಿ. ಒಟಿಪಿ ಯಾರ ಫೋನಿಗೆ ಹೋಗುತ್ತೆ ಅಂತ ಫೈನಲ್ ಹೊತ್ತಿಗೆ ಹುಡುಕಬಾರದು. ಟಿವಿ ಚಾನೆಲ್ ತನಗೆ ಬೇಕಾದ ಆಟ ತೋರಿಸುತ್ತದೆ. ನಿಮ್ಮ ಮೂರನೇ ಆಟ ಬೇಕಿದ್ದರೆ ಆ್ಯಪ್‌ನಲ್ಲೇ ಹುಡುಕಬೇಕಾಗಬಹುದು.

ಇಂಟರ್ನೆಟ್‌ನಲ್ಲಿ ನೋಡುವಾಗ ಆಟ ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಪಕ್ಕದ ಮನೆಯಲ್ಲಿ ಕೇಬಲ್ ಇದ್ದರೆ ಅವರ ಕೂಗು ಮೊದಲು, ನಿಮ್ಮ ಗೋಲು ಆಮೇಲೆ. ಇದಕ್ಕೆ ಎರಡೇ ಪರಿಹಾರ. ಕಿಟಕಿ ಮುಚ್ಚಿ, ಇಲ್ಲ ಅವರ ಮನೆಗೇ ಹೋಗಿ. ವಾಟ್ಸ್ಆ್ಯಪ್ ಗ್ರೂಪುಗಳನ್ನು ಹೇಗೂ ಮ್ಯೂಟ್ ಮಾಡಿ.

6. ನಾಲ್ಕನೇ ಸ್ಥಾನವನ್ನೂ ಬರೆದುಕೊಳ್ಳಿ

ನಮ್ಮ ನೋಟ್‌ಬುಕ್ಕಿನಲ್ಲಿ ಪದಕದ ಪಟ್ಟಿಯ ಪಕ್ಕ ಇನ್ನೊಂದು ಪಟ್ಟಿ ಇದೆ. ಪ್ಯಾರಿಸ್‌ನಲ್ಲಿ ಭಾರತಕ್ಕೆ ಆರು ಪದಕ ಬಂತು, ಆರು ನಾಲ್ಕನೇ ಸ್ಥಾನವೂ ಬಂತು. ಮೀರಾಬಾಯಿ ಚಾನು ಎತ್ತಿದ್ದು 199 ಕೆಜಿ, ಕಂಚು ಹೋದದ್ದು 200ಕ್ಕೆ. ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆ ಅವರ ಗರಡಿಯಲ್ಲಿ ಪಳಗಿದ ಲಕ್ಷ್ಯ ಸೇನ್ ಕಂಚಿನ ಪಂದ್ಯದಲ್ಲಿ ಮೊದಲ ಗೇಮ್ ಗೆದ್ದು ಆಮೇಲೆ ಸೋತರು. ಇನ್ನು ಲಾಸ್ ಏಂಜಲೀಸ್ ಅಂದರೆ ಹಳಬರಿಗೆ ನೆನಪಾಗುವುದೇ ಪಿ.ಟಿ. ಉಷಾ. 1984ರಲ್ಲಿ ಅದೇ ಊರಿನಲ್ಲಿ, 400 ಮೀಟರ್ ಹರ್ಡಲ್ಸ್‌ನಲ್ಲಿ 55.42 ಸೆಕೆಂಡು. ಕಂಚು ಗೆದ್ದವರದ್ದು 55.41.

"ಇಷ್ಟೂ ಆಗಲ್ವಾ ಇವರಿಗೆ?" ಅನ್ನುವ ಮಾತು ಬಾಯಿಗೆ ಬಂದಾಗ ಈ ಪಟ್ಟಿ ತೆಗೆದು ನೋಡಿ. ನಾವು ಆ ಆಟ ನೋಡಿದ್ದೇ ಕಳೆದ ವಾರದಿಂದ, ಅಲ್ವಾ?

7. ಸಮಾರೋಪ ಆದ ಮೇಲೆ ಟಿವಿ ಆರಿಸಬೇಡಿ

ಲಾಸ್ ಏಂಜಲೀಸ್ ಪ್ಯಾರಾಲಿಂಪಿಕ್ಸ್ ಆಗಸ್ಟ್ 15ರಿಂದ 27ರವರೆಗೆ. ಪದಕ ನೋಡುವ ಆಸೆ ಇದ್ದವರಿಗೆ ನಿಜವಾದ ಹಬ್ಬ ಇದೇ. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ 29 ಪದಕ ಬಂತು, ಅದರಲ್ಲಿ 7 ಚಿನ್ನ. ಹಾಸನದವರಂತೂ ನೋಡಲೇಬೇಕು. 2012ರಲ್ಲಿ ಲಂಡನ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ಎಚ್.ಎನ್. ಗಿರೀಶ್ ಆ ಜಿಲ್ಲೆಯವರು. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಹುಟ್ಟಿದ್ದೂ ಹಾಸನದಲ್ಲೇ.

ಅದೂ ಮುಗಿದ ಮೇಲೆ ಹತ್ತಿರದಲ್ಲಿ ಏನಿದೆ ನೋಡಿ. ಬೇಸಿಗೆಯಲ್ಲಿ ಕೊಡಗಿಗೆ ಹೋಗುವವರಿದ್ದರೆ ಕೊಡವ ಕುಟುಂಬಗಳ ಹಾಕಿ ಹಬ್ಬದ ದಿನ ನೋಡಿಕೊಂಡು ಹೋಗಿ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಆಡಿದ್ದವು. ಮೈದಾನದ ಪಕ್ಕ ನಿಂತವರನ್ನು ಕೇಳಿದರೆ ಪೆನಾಲ್ಟಿ ಕಾರ್ನರ್ ಬಗ್ಗೆ ಯಾವ ಕಾಮೆಂಟರಿಗಿಂತ ಚೆನ್ನಾಗಿ ಹೇಳುತ್ತಾರೆ.

2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಹೆಸರಿನ ಈಟಿ ಎಸೆತ ಸ್ಪರ್ಧೆ ನಡೆಯಿತು. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ನೀರಜ್ ಅವರ ಮೊದಲ ಎಸೆತಕ್ಕೆ ಸುತ್ತ ಕೂತವರೆಲ್ಲ ಎದ್ದು ಕೂಗಿದರು. ಅಮ್ಮ ಮಾತ್ರ ಕೂತಲ್ಲೇ ಕೂತಿದ್ದರು. ನನ್ನ ಕೈ ಹಿಡಿದು ಎಳೆದು, "ಕೂತ್ಕೊಳ್ಳೇ, ಕೆಂಪು ಬಾವುಟ" ಅಂದರು.